ಸೂರ ಆಚಾರಿಯ ದೋಣಿ, ಮೂರು ಪೆನ್‌ಡ್ರೈವ್

ಏಳನೇ ಉಕ್ಕಿನ ಐದನೇ ತಿಂಗಳು
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2309

ವಾರಿಜಮ್ಮನವರಿಗೆ ನಮಸ್ಕಾರ.

ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಮುದ್ರ ಊರೊಳಗೆ ಬಂದು ತಿಂಗಳುಗಟ್ಟಲೆ ನಿಂತುಬಿಡುವುದನ್ನು ನಾವು ಉಕ್ಕು ಎನ್ನುತ್ತೇವೆ. ಕಾಲವನ್ನೂ ಅದರಿಂದಲೇ ಎಣಿಸುತ್ತೇವೆ. ನಿಮ್ಮ ಗಂಗೊಳ್ಳಿ ಈಗ ನೀರಿನಡಿ ಇದೆ. ನಾನು ಸುಗಂಧಿ, ಗುಡ್ಡದ ಮೇಲಿನ ಓದುಮನೆಯವಳು. ನಿಮ್ಮ ಕಾಲದ ಡಿಸ್ಕು, ಪೆನ್‌ಡ್ರೈವ್‌ಗಳಿಗೆ ಬಿಸಿಲಿನ ಕರೆಂಟು ಕೊಟ್ಟು, ಒಳಗೆ ಉಳಿದದ್ದನ್ನು ಹೊರತೆಗೆಯುವುದು ನನ್ನ ಕೆಲಸ. ಹೆಚ್ಚಿನವುಗಳಲ್ಲಿ ಏನೂ ಉಳಿದಿರುವುದಿಲ್ಲ.

ಕಳೆದ ತಿಂಗಳು ನಿಮ್ಮ ವಂಶದ ಚಿಕ್ಕಯ್ಯ ಎಂಬವರು ಒಂದು ಸ್ಟೀಲ್ ಡಬ್ಬಿ ತಂದರು. ನಿಮ್ಮ ಅಜ್ಜ ಸೂರ ಆಚಾರಿ ಮೊಳೆಯಿಲ್ಲದೆ, ತೆಂಗಿನ ಹುರಿಯಲ್ಲಿ ಹಲಗೆ ಹೊಲಿದು ದೋಣಿ ಕಟ್ಟುವುದನ್ನು ನೀವು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿದ್ದಿರಂತೆ. ಹಾಳಾಗಬಾರದೆಂದು ಮೂರು ಪೆನ್‌ಡ್ರೈವ್‌ಗಳಲ್ಲಿ ಹಾಕಿಟ್ಟಿರಂತೆ. ಆ ಸುದ್ದಿ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಕೆಲಸ ಮಾತ್ರ ಯಾರ ಕೈಗೂ ಬಂದಿರಲಿಲ್ಲ. ಈ ಉಕ್ಕಿನಲ್ಲಿ ಚಿಕ್ಕಯ್ಯನ ಮಗಳು ರತ್ನಿ ಮತ್ತು ಇನ್ನೂ ಕೆಲವು ಮನೆಯವರು ಎದುರಿನ ದಿಬ್ಬದಲ್ಲಿ ತಿನ್ನಲು ಹೆಚ್ಚೇನೂ ಇಲ್ಲದೆ ಸಿಕ್ಕಿಬಿದ್ದಿದ್ದರು. ನಡುವೆ ಸೆಳೆತದ ನೀರು. ಮೊಳೆ ಮಾಡಲು ನಮ್ಮಲ್ಲಿ ಕಬ್ಬಿಣವಿಲ್ಲ. ಕಟ್ಟಿದ ತೆಪ್ಪಗಳೆಲ್ಲ ಬಿಚ್ಚಿಹೋಗಿದ್ದವು.

ಮೂರನ್ನೂ ಒಂದೊಂದಾಗಿ ಹಾಕಿ ನೋಡಿದೆ. ಮೂರೂ ಒಂದೇ ಬಗೆಯವು. ಒಂದೇ ಡಬ್ಬಿಯಲ್ಲಿ ಒಟ್ಟಿಗೆ ಮಲಗಿ ಒಟ್ಟಿಗೆ ಸತ್ತಿದ್ದವು.

“ಎಂತಾರೂ ಸಿಕ್ತಾ ಮಗಾ?” ಎಂದರು ಚಿಕ್ಕಯ್ಯ.

“ಮೂರೂ ಖಾಲಿ, ಚಿಕ್ಕಯ್ಯ.”

“ಇನ್ನೊಂದ್ಸಲ ಕಾಣ್ ಮಗಾ. ಅಜ್ಜನ ಕೈಯಾರೂ ಕಾಂತಿಲ್ಯಾ? ಕೈ ಕಂಡ್ರೆ ಸಾಕ್.”

ಮತ್ತೆ ನೋಡಿದೆ. ಕೈಯೂ ಇರಲಿಲ್ಲ.

ಅವರು ಊಹೆಯಲ್ಲೇ ಹಲಗೆ ಹೊಲಿದರು, ಸಂದಿಗೆ ನಾರು ತುರುಕಿದರು, ಬೇರೆ ಯಾರನ್ನೂ ಹತ್ತಗೊಡದೆ ಒಬ್ಬರೇ ಹೊರಟರು. ನಡುನೀರಿನಲ್ಲಿ ಹೊಲಿಗೆ ಬಿಚ್ಚಿತು. ಎರಡೂ ದಡದವರು ನೋಡುತ್ತಲೇ ನಿಂತಿದ್ದೆವು. ರತ್ನಿ ಅಪ್ಪನನ್ನು ಕೂಗಿದ್ದು ಗಾಳಿಯಲ್ಲಿ ನಮಗೂ ಕೇಳಿಸಿತು. ಆಮೇಲೆ ದಿಬ್ಬದ ಒಲೆಗಳ ಹೊಗೆ ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಈಗ ಏಳುವುದಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ಕೈಗೆಟುಕಿದ್ದನ್ನು ಕೊಂಡಿರಿ; ಅಗ್ಗದ್ದು ಕೊಳ್ಳುವುದು ತಪ್ಪಲ್ಲ. ಈ ಕಾಗದ ನಿಮ್ಮ ಕಾಲಕ್ಕೆ ಹೋಗುವ ದಾರಿಯಿಲ್ಲವೆಂದೂ ಗೊತ್ತು. ಆದರೂ ಬೇರೆ ಯಾರಿಗೆ ಬರೆಯಲಿ? ಪೆನ್‌ಡ್ರೈವ್ ಇರುವುದು ಅಲ್ಲಿಂದಿಲ್ಲಿಗೆ ಒಯ್ಯಲಿಕ್ಕೆ. ವರ್ಷಗಟ್ಟಲೆ ಕರೆಂಟಿಲ್ಲದೆ ಇಟ್ಟರೆ ಅದು ಮರೆತುಬಿಡುತ್ತದೆ. ಒಂದು ಸಾಧಾರಣ ಹಾರ್ಡ್‌ಡಿಸ್ಕ್ ಕೊಳ್ಳಿ. ಅದೇ ವಿಡಿಯೊವನ್ನು ಬೇರೆ ಬಗೆಯದರಲ್ಲಿ, ಡಿವಿಡಿಯಾದರೂ ಸರಿ, ಇನ್ನೊಮ್ಮೆ ಹಾಕಿ ನೆಂಟರ ಮನೆಯಲ್ಲಿಡಿ. ಹಳತಾಗುವ ಮೊದಲೇ ಹೊಸದಕ್ಕೆ ದಾಟಿಸಿ. ವರ್ಷಕ್ಕೊಮ್ಮೆಯಾದರೂ ತೆರೆದು, ಕೂತು, ಕೊನೆಯವರೆಗೆ ನೋಡಿ. ನೋಡುವಾಗ ಮಕ್ಕಳ ಕೈಗೆ ಒಂದಿಷ್ಟು ಹುರಿ ಕೊಡಿ.

ಸುಗಂಧಿ