ಬಲಕ್ಕೆ ಬಿದ್ದ ಹೂ

ಹುನ್ನೂರ, ತಾ. ಜಮಖಂಡಿ
೨೪ ಮೇ ೧೯೫೪

ಚಿರಂಜೀವಿ ಧರೆಪ್ಪನಿಗೆ ನಿನ್ನ ಅಪ್ಪ ಹಾಲಸಿದ್ದಪ್ಪನ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಬಿಜಾಪುರದ ನೀರು ಈಗಲಾದರೂ ಒಗ್ಗಿತೆ? ಖಾನಾವಳಿಯ ಊಟದಿಂದ ಹೊಟ್ಟೆನೋವು ಬಂದಿತ್ತೆಂದು ಯುಗಾದಿಯ ಹೊತ್ತಿಗೆ ನೀನು ಬರೆದಿದ್ದೆ, ಆಮೇಲೆ ಸುದ್ದಿಯೇ ಇಲ್ಲ. ನಿನ್ನ ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಒಂದು ಡಬ್ಬಿ ಶೇಂಗಾ ಹಿಂಡಿ ಕುಟ್ಟಿಟ್ಟು, ಆ ಕಡೆ ಹೋಗುವವರ ದಾರಿ ಕಾಯುತ್ತಿದ್ದಾಳೆ. ನಾವು ಆರಾಮ. ಎರಡು ಕುರಿ ಈದಿವೆ. ನನ್ನ ಮೊಣಕಾಲು ಮಾತ್ರ ಗುಡಿಯ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನ ಅಕ್ಷರ ನೋಡಿ ನಗಬೇಡ, ನಾಲ್ಕನೆಯ ಇಯತ್ತೆ ಕಲಿತ ಕೈ ಇದು. ಯಾವಾಗಲೂ ನಿನ್ನ ವಿಠ್ಠಲ ಮಾಸ್ತರರಿಂದ ಬರೆಸುತ್ತಿದ್ದೆ. ಇಂದಿನ ಮಾತು ಇನ್ನೊಬ್ಬರ ಕೈಯಿಂದ ಬರೆಸುವಂಥದ್ದಲ್ಲ.

ಎರಡು ವರ್ಷದ ಹಿಂದೆ ನೀನು ಸಾಂಗ್ಲಿಯಲ್ಲಿ ಇಂಟರ್ ಸಾಯನ್ಸ್ ಪಾಸಾಗಿ ಬಂದಾಗ, ಮಾಸ್ತರರು ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಅರ್ಜಿ ತರಿಸಿ, ಜಮಖಂಡಿಯಿಂದ ಸೈಕಲ್ ತುಳಿದುಕೊಂಡು ಬಂದು ಕೊಟ್ಟರು. “ಹಾಲಸಿದ್ದಪ್ಪ, ಇಂಥಾ ಲೆಕ್ಕದ ತಲಿ ನಾ ಇನ್ನೊಂದ ಕಂಡಿಲ್ಲ. ಸಹಿ ಹಾಕು” ಎಂದರು. ನಾನು ಹಾಕಲಿಲ್ಲ. ಬಿತ್ತನೆಯಿರಲಿ, ಕುರಿಗಳನ್ನು ದೂರದ ಸೀಮೆಗೆ ಹೊಡೆಯುವುದಿರಲಿ, ಬೀರೇಶ್ವರನಿಗೆ ಹೂ ಹಚ್ಚಿ ಕೇಳದೆ ನಮ್ಮ ಮನೆಯಲ್ಲಿ ಏನು ನಡೆದಿದೆ? ನೀನೇ ಎರಡು ಹೂ ತೊಳೆದು ತಂದೆ. ಪೂಜಾರಿಯಾದ ನನ್ನ ಹೊರತು ಯಾರೂ ಒಳಗೆ ಬರುವಂತಿಲ್ಲ. ಅರ್ಜಿಯನ್ನು ಎದೆಗೆ ಒತ್ತಿಕೊಂಡು ನೀನು ಹೊಸ್ತಿಲಾಚೆ ಕಣ್ಣು ಮುಚ್ಚಿ ನಿಂತೆ. ದೇವರ ಎರಡೂ ಭುಜಕ್ಕೆ ಹೂ ಹಚ್ಚಿ ನಾನು ಕುಳಿತೆ. ಬಲದ್ದು ಬಿದ್ದರೆ ಹೋಗು, ಎಡದ್ದು ಬಿದ್ದರೆ ಬೇಡ. ಹೊರಗೆ ಬಂದು, ಎಡದ್ದು ಬಿತ್ತು ಎಂದೆ.

ಬಿದ್ದದ್ದು ಬಲದ್ದು, ಮಗನೇ. ನಾನು ಕೈ ಹಿಂದೆ ತೆಗೆಯುವಷ್ಟರಲ್ಲಿ ಬಿದ್ದಿತ್ತು. ಅದನ್ನು ಎತ್ತಿ ತಲೆಯ ರುಮಾಲಿನೊಳಗೆ ಸಿಕ್ಕಿಸಿಕೊಂಡೆ. ನೀನು ಸಾಹೇಬನಾದ ಮೇಲೆ ಕಂಬಳಿ ಹೊದ್ದವನನ್ನು ನಾಲ್ಕು ಜನರೆದುರು ಅಪ್ಪಾ ಎನ್ನಲು ನಾಚುತ್ತೀಯೇನೋ ಎಂಬ ಹೆದರಿಕೆ ನನಗೆ. ಒಬ್ಬನೇ ಮಗ, ಕಣ್ಣೆದುರಿಗೆ ಇರಲಿ, ನನ್ನ ಬಳಿಕ ಪೂಜೆ ಹಿಡಿಯಲಿ ಎಂಬ ಆಸೆಯೂ ಇತ್ತು. “ದೇವರು ಒಲ್ಲೆ ಅಂದಮ್ಯಾಲ ಆತು ಬಿಡಪ್ಪಾ” ಎಂದು ನೀನು ಅರ್ಜಿ ಮಡಚಿ ಕಿಸೆಯಲ್ಲಿಟ್ಟೆ. ಜಗಳವಾಡಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ನಿನ್ನ ಅವ್ವ ಮಾತ್ರ ರೊಟ್ಟಿ ಬಡಿಯುತ್ತ “ಎಡದ್ದು ಬಿದ್ದದ್ದು ಖರೇನ್ರಿ?” ಎಂದು ಕೇಳಿದಳು. ಅವಳ ಮೇಲೆ ಹರಿಹಾಯ್ದೆ. ಹತ್ತಿರ ಇರಲಿ ಎಂದು ಸುಳ್ಳು ಹೇಳಿದ್ದಕ್ಕೆ ಬಂದ ಫಲವೇನು? ಮೂರೇ ತಿಂಗಳಲ್ಲಿ ನೀನು ಕಚೇರಿಯ ಕಾರಕೂನನಾಗಿ ಬಿಜಾಪುರ ಸೇರಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಜನ ಆಡಿಕೊಳ್ಳುವಾಗ ಮೊದಲು ನಾನೂ ಜೊತೆಗೆ ನಗುತ್ತಿದ್ದೆ. ಈಗ ಕಟ್ಟೆಯಿಂದ ಎದ್ದು ಬರುತ್ತೇನೆ.

ದೀಪಾವಳಿಗೆ ಬಂದಾಗ ಇಬ್ಬರೂ ಲೋಕಾಪುರಕ್ಕೆ ಹೊರಟಿದ್ದೆವಲ್ಲ, ಮುಧೋಳದಾಚೆ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದರು. ಬಸ್ಸು ನಿಂತಿದ್ದೇ ತಡ, ನೀನು ಇಳಿದು ಹೋಗಿ ಅದರ ಮುಂದೆ ನಿಂತುಬಿಟ್ಟೆ. ಕಂಡಕ್ಟರ್ ಮೂರು ಸಲ ಕೂಗಿದರೂ ನಿನಗೆ ಕೇಳಲಿಲ್ಲ. ತಿರುಗಿ ಬಂದಾಗ ನಿನ್ನ ಮುಖ ನೋಡಿದೆ. ಅಂದಿನಿಂದ ದೇವರಿಗೆ ನೀರು ಹಾಕುವಾಗ ಅವನ ಬಲ ಭುಜದ ಕಡೆ ನೋಡುವುದಿಲ್ಲ.

ಹೋದ ತಿಂಗಳು ನಾನೇ ಜಮಖಂಡಿಗೆ ನಡೆದು ಹೋಗಿ, ಮಾಸ್ತರರ ಮುಂದೆ ಎಲ್ಲ ಒಪ್ಪಿಕೊಂಡು, ಮತ್ತೊಂದು ಅರ್ಜಿ ತರಿಸಿಕೊಡಿರೆಂದು ಬೇಡಿಕೊಂಡೆ. ಅವರು ಆಗಲೇ ಪುಣೆಗೆ ಕಾಗದ ಬರೆದರು. ನಿನ್ನ ಇಂಟರಿನ ಮಾರ್ಕು ಈಗಲೂ ನಡೆಯುತ್ತದಂತೆ. ಆದರೆ ಆಗ ನಿಶ್ಚಿತವಾಗಿ ಸಿಗುತ್ತಿದ್ದ ಸೀಟು ಈಗ ಸಿಗುತ್ತದೆಂದು ಹೇಳಲಾರೆ ಎಂದರು. ಆ ಮಾತು ನನ್ನ ಎದೆಯಲ್ಲಿ ಕುಳಿತಿದೆ. ನಿನ್ನೆ ಬಂದ ಅರ್ಜಿ ಈ ಪಾಕೀಟಿನಲ್ಲಿದೆ, ಪಾಲಕರ ಸಹಿ ಹಾಕಿದ್ದೇನೆ. ಜೂನ್ ಹತ್ತರೊಳಗೆ ಪುಣೆ ಮುಟ್ಟಬೇಕು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಸಿಟ್ಟು ಬಂದರೆ ಬರಲಿ, ಅರ್ಜಿಯನ್ನು ಮಾತ್ರ ಹರಿಯಬೇಡ. ಅವ್ವ ತಲೆ ಸವರಿದ್ದಾಳೆಂದು ತಿಳಿ. ಬೀರೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಹಾಲಸಿದ್ದಪ್ಪ

ತಾ. ಕ.: ಟಪಾಲಿನವನು ಹೊರಟು ನಿಂತಿದ್ದಾನೆ. ಕಾಲೇಜಿನಿಂದ ಕರೆ ಬಂದರೆ ಸೊಲ್ಲಾಪುರದ ಮೇಲಿಂದ ನೇರವಾಗಿ ಪುಣೆಗೆ ಹೋಗು. ಊರಿಗೆ ಬಂದು ಹೇಳಿ ಹೋಗುತ್ತೇನೆ ಎನ್ನಬೇಡ. ನೀನು ಎದುರಿಗೆ ನಿಂತು “ಹೋಗ್ಲೇನಪ್ಪಾ?” ಎಂದು ಕೇಳಿದರೆ, ನಾನು ಮತ್ತೆ ಬೇಡ ಎಂದುಬಿಡುತ್ತೇನೆ.