ಕ್ಯಾಚ್ ಹಿಡಿದ ಮೇಲೆ

ಬುಕಿತ್ ಪಂಜಾಂಗ್, ಸಿಂಗಪುರ
17 ಏಪ್ರಿಲ್ 1996

ತನ್ಮಯಿಯ ಅಪ್ಪನಿಗೆ,

ನಮಸ್ಕಾರ. ಹೆಸರು ಹಿಡಿದು ಬರೆಯೋಣವೆಂದು ಕೂತೆ, ಕೈ ಬರಲಿಲ್ಲ. ಒಂಬತ್ತು ತಿಂಗಳಿಂದ ಮೈಸೂರಿನಲ್ಲಿ ಮುನಿಸಿಕೊಂಡು ಕೂತಿರುವ ಗಂಡನನ್ನು ಪತ್ರದಲ್ಲಿ ಏನೆಂದು ಕರೆಯಬೇಕೆಂದು ನಮ್ಮಮ್ಮ ಹೇಳಿಕೊಟ್ಟಿಲ್ಲ. ಜಗಳಕ್ಕೆ ಬರೆಯುತ್ತಿಲ್ಲ, ಹೆದರಬೇಡಿ. ನಿಮ್ಮ ಮಗಳು ಸಾಫ್ಟ್‌ಬಾಲ್ ಬಿಟ್ಟೇಬಿಡುತ್ತೇನೆಂದು ಹಟ ಹಿಡಿದಿದ್ದಾಳೆ. ನನ್ನ ಮಾತು ಕೇಳುತ್ತಿಲ್ಲ.

ಕಳೆದ ಶನಿವಾರ ಅವಳ ಶಾಲೆಯ ಫೈನಲ್ ಇತ್ತು. ಕೊನೆಯ ಇನ್ನಿಂಗ್ಸ್, ಎರಡೂ ತಂಡ ಸಮಸಮ. ಎದುರು ತಂಡದ ಹುಡುಗಿಯೊಬ್ಬಳು ಮೂರನೇ ಬೇಸಿನಲ್ಲಿ, ಅಂದರೆ ರನ್ನಿಗೆ ಮುಂಚಿನ ಕೊನೆಯ ನಿಲುಗಡೆಯಲ್ಲಿ, ಓಡಲು ಕಾಯುತ್ತಿದ್ದಳು. ಚೆಂಡು ಮುಗಿಲಿಗೆ ಹಾರಿ ಎಡಗಡೆಯ ಅಂಚಿಗೆ ಬಂತು. ಅಲ್ಲಿ ನಮ್ಮವಳು. ಬೆನ್ನು ತಿರುಗಿಸಿ ಓಡಿ, ಬೇಲಿಗೆ ಎರಡು ಹೆಜ್ಜೆ ಇರುವಾಗ ಹಿಡಿದಳು. ಹಿಡಿದವಳೇ ಚೆಂಡನ್ನು ಮೇಲಕ್ಕೆಸೆದು ಎರಡೂ ಕೈ ಎತ್ತಿ ನಿಂತಳು, ಥೇಟ್ ನಿಮ್ಮ ಹಾಗೆ.

ಕ್ರಿಕೆಟ್ಟಿನಲ್ಲಾದರೆ ಕ್ಯಾಚ್ ಹಿಡಿದಲ್ಲಿಗೆ ಮುಗಿಯಿತು. ಈ ಆಟದಲ್ಲಿ ಮುಗಿಯುವುದಿಲ್ಲವಂತೆ. ಹಿಡಿದ ಮೇಲೂ ಬೇಸಿನಲ್ಲಿರುವವಳು ಓಡಬಹುದು, ಚೆಂಡನ್ನು ತಕ್ಷಣ ಒಳಗೆ ಎಸೆದು ಅವಳನ್ನು ತಡೆಯಬೇಕು. ನಮ್ಮವಳ ಚೆಂಡು ಕೆಳಗೆ ಬೀಳುವಷ್ಟರಲ್ಲಿ ಆ ಹುಡುಗಿ ರನ್ ಮುಗಿಸಿದ್ದಳು. ಸೋತೆವು.

ಕೋಚ್ ಎಲ್ಲರೆದುರು ಬೈದರು. ಬಸ್ಸಿನಲ್ಲಿ ಯಾರೂ ಮಾತಾಡಿಸಲಿಲ್ಲವಂತೆ. ಮನೆಗೆ ಬಂದವಳೇ ಗ್ಲೌಸನ್ನು ಶೂ ರ‍್ಯಾಕಿನ ಹಿಂದೆ ತುರುಕಿ, "ಅಪ್ಪಂಗೆ ಹೇಳ್ಬೇಡಮ್ಮ. ನಾನೇ ತಪ್ಪು ಕಲಿಸ್ದೆ ಅಂತ ಬೇಜಾರ್ ಮಾಡ್ಕೋತಾರೆ. ನಾನು ಕ್ವಿಟ್ ಮಾಡ್ತೀನಿ ಲಾ" ಎಂದು ಇಲ್ಲಿನವರ ಹಾಗೇ ರಾಗ ಎಳೆದು ಬಾಗಿಲು ಹಾಕಿಕೊಂಡಳು.

ನಿಮ್ಮ ಆಟದ ಬಗ್ಗೆ ನಾನು ಹಗುರವಾಗಿ ಮಾತಾಡಿದವಳು. ಬೆಂಗಳೂರಿನ ಕಾರ್ಖಾನೆಯವರು ತಮ್ಮ ಕ್ರಿಕೆಟ್ ತಂಡಕ್ಕೆಂದು, ಬೌಂಡರಿಯಿಂದ ನೀವು ಚೆಂಡೆಸೆಯುವುದನ್ನಷ್ಟೇ ನೋಡಿ ಇಪ್ಪತ್ತನೇ ವಯಸ್ಸಿಗೇ ಕೆಲಸ ಕೊಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಸ್ಟೋರ್ಸ್ ಗುಮಾಸ್ತ, ನಿಜವಾದ ಕೆಲಸ ಬೌಂಡರಿ ಗೆರೆ ಕಾಯುವುದು. ಹದಿಮೂರು ವರ್ಷ ಕಾದಿರಿ. ಬ್ಯಾಟು ಬೀಸಿದವರ ಫೋಟೋ ಪೇಪರಿನಲ್ಲಿ ಬಂತು, ನಿಮ್ಮದು ಬರಲಿಲ್ಲ. ರಾಜ್ಯ ತಂಡಕ್ಕೆ ಹನ್ನೆರಡನೆಯವರಾಗಿ ಹೋಗಿ ಬೇರೆಯವರಿಗೆ ನೀರು ಕೊಟ್ಟು ಬಂದಿರಿ. ಆಮೇಲೆ ಭುಜ ಕೈಕೊಟ್ಟಿತು. ನನಗೆ ಇಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತೆಂದು ಕಾರ್ಖಾನೆ ಬಿಟ್ಟು ಬಂದು, ನಮ್ಮ ಫ್ಲ್ಯಾಟುಗಳ ಕೆಳಗಿನ ಖಾಲಿ ವಾಯ್ಡ್ ಡೆಕ್ಕಿನಲ್ಲಿ ಮಗಳಿಗೆ ಕ್ಯಾಚ್ ಕಲಿಸುತ್ತಾ ಸಂಜೆ ಕಳೆದಿರಿ.

ಅಂಥವರ ಬಗ್ಗೆ ನಾನು ನನ್ನ ಡಿಪಾರ್ಟ್‌ಮೆಂಟಿನವರ ಊಟದಲ್ಲಿ, "ನಮ್ಮನೆಯವರು ಚೆಂಡು ಹೆಕ್ಕೋದ್ರಲ್ಲಿ ಎಕ್ಸ್‌ಪರ್ಟ್" ಎಂದು ಹೇಳಿ ಎಲ್ಲರನ್ನೂ ನಗಿಸಿದೆ. ನೀವೂ ನಕ್ಕಿರಿ. ಮಾರನೇ ವಾರವೇ ಟಿಕೆಟ್ ಬುಕ್ ಮಾಡಿದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಗೊತ್ತಿದ್ದೂ ಆಡಿದೆ. ತಪ್ಪಾಯಿತು. ಇದನ್ನು ಹೇಳಲು ಒಂಬತ್ತು ತಿಂಗಳು ಬೇಕಾಯಿತು ಎನ್ನುವುದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಶನಿವಾರ ಎರಡು ಗಂಟೆ ಬಿಸಿಲಲ್ಲಿ ಕೂತು ಅವಳೊಬ್ಬಳನ್ನೇ ನೋಡಿದೆ. ಚೆಂಡು ಅವಳ ಕಡೆ ಬಂದದ್ದು ಮೂರೇ ಸಲ. ಉಳಿದಷ್ಟು ಹೊತ್ತೂ ಮಂಡಿ ಬಗ್ಗಿಸಿ ಸಿದ್ಧವಾಗಿಯೇ ನಿಂತಿದ್ದಳು. ನಿಮ್ಮ ಹದಿಮೂರು ವರ್ಷ ಏನೆಂದು ನನಗೆ ಆವತ್ತು ತಿಳಿಯಿತು.

ಅವಳಿಗೊಂದು ಪತ್ರ ಬರೆಯಿರಿ, ಆಟ ಬಿಡಬೇಡ ಎಂದು. ಇದಿಷ್ಟೇ ನನ್ನ ಕೋರಿಕೆ. ಬೇರೇನನ್ನೂ ಕೇಳುವ ಹಕ್ಕು ನನಗೆ ಸದ್ಯಕ್ಕಿಲ್ಲ.

ನಿಮ್ಮ
ನಿರುಪಮಾ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ಜಡೆ ಹಾಕುವಾಗ ತನ್ಮಯಿ ಬಾಯಿಬಿಟ್ಟಳು. ಆ ನಿಯಮ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತಂತೆ. ಚೆಂಡು ಹಿಡಿದು ತಲೆಯೆತ್ತಿದಾಗ ಬೇಲಿಯಾಚೆ ನಿಮ್ಮದರಂಥದೇ ಬಿಳಿ ಟೋಪಿಯವರೊಬ್ಬರು ನಿಂತಿದ್ದರಂತೆ. ಅಪ್ಪ ಬಂದುಬಿಟ್ಟರು ಎಂದುಕೊಂಡು ನಿಮಗೆ ಕಾಣಲಿ ಅಂತ ಎಸೆದಳಂತೆ. ಆ ಟೋಪಿಯನ್ನು ನಾನೂ ನೋಡಿದ್ದೆ. ನೀವೇ ಎಂದು ಎದ್ದು ಬೇಲಿಯವರೆಗೂ ಹೋಗಿದ್ದೆ, ಬೇರೆ ಯಾರೋ. ಪತ್ರ ಬೇಡ, ಬನ್ನಿ.