ಹೊರಗಿನಿಂದ ಬೀಗ

ಮಾರ್ಚ್ 4

ಅರ್ಧ ಶಾಂಪೂ ಹಚ್ಚಿದ್ದೆ, ಅಷ್ಟರಲ್ಲಿ ಮತ್ತೆ ಫೈರ್ ಅಲಾರಂ! ಈ ಬಿಲ್ಡಿಂಗ್‌ಗೆ ಬೇರೆ ಕೆಲಸವೇ ಇಲ್ಲ. ನೊರೆ ತಲೆಯಲ್ಲೇ ಮೆಟ್ಟಿಲಿಳಿದೆ. ಇವನು ತನ್ನ ಜಾಕೆಟ್ ಹೊದಿಸಿದ — ಸೋ ರೊಮ್ಯಾಂಟಿಕ್! ಫುಟ್‌ಪಾತ್‌ನಲ್ಲಿ ಎದುರುಮನೆಯವಳು ಸಿಕ್ಕಳು, ಲಾಂಡ್ರಿಯಲ್ಲಿ ಕೆಲಸವಂತೆ. ಪರದೇಶದಲ್ಲಿ ನಮ್ಮ ಭಾಷೆ! “ಏನೇ ಮದುಮಗಳೇ, ತಲೆ ತೊಳ್ಕೊಳ್ಳೋಕೂ ಬಿಡಲ್ವಾ ನಿನ್ನ ಗಂಡ?” ಹೊಟ್ಟೆ ಹಿಡಿದುಕೊಂಡು ನಕ್ಕೆ. ಲಿಫ್ಟಿನಲ್ಲಿ ಇವನು, “ಅಷ್ಟು ಹಲ್ಲು ಕಿರಿಯೋದೇನಿತ್ತು?” ಪೊಸೆಸಿವ್! ಮುದ್ದು ಕೋತಿ.

ಮಾರ್ಚ್ 11

ಕೆಲಸಕ್ಕೆ ಹೋಗುವಾಗ ಈಗ ಹೊರಗಿನಿಂದ ಬೀಗ. “ಈ ಏರಿಯಾ ಸರಿಯಿಲ್ಲ ಚಿನ್ನ, ನಿನ್ನ ಸೇಫ್ಟಿಗೇ.” ಪಾಸ್‌ಪೋರ್ಟೂ ಅವನ ಹತ್ತಿರ — ನಾನು ಎಲ್ಲೆಲ್ಲೋ ಇಟ್ಟು ಮರೆಯುತ್ತೇನಂತೆ. ಮರೆಯುತ್ತೇನೆ, ನಿಜ. ಆದರೆ ಕಸ? ಚೀಲ ನಾರುತ್ತಿದೆ. ಹೊರಗೆ ಹಾಕಲಾರೆ, ಹಾಕದಿದ್ದರೆ ಸೋಮಾರಿ. ಕಿಟಕಿಯಿಂದ ಎಸೆಯಲೇ? ಎದುರುಮನೆ ಅಕ್ಕ ದಿನಾ ಬೆಲ್ ಒತ್ತುತ್ತಾಳೆ. ಸ್ನಾನ ಮಾಡುತ್ತಿದ್ದೇನೆ ಅಂತ ಒಳಗಿನಿಂದಲೇ ಕೂಗುತ್ತೇನೆ. “ಎಷ್ಟು ಸಲವೇ ಸ್ನಾನ? ನೀನೇನು ಮೀನಾ?” ಅಯ್ಯೋ, ಈ ಹೆಂಗಸು!

ಮಾರ್ಚ್ 19, ಸಂಜೆ

ಮಧ್ಯಾಹ್ನ ಅಲಾರಂ. ಈ ಸಲ ಹೊಗೆಯ ವಾಸನೆಯೂ. ಬಾಗಿಲು ಬಡಿದೆ, ಬಡಿದೆ... ಎಲ್ಲರೂ ಕೆಳಗಿಳಿದಿದ್ದರು. ಫೋನ್ ಮಾಡಿದರೆ ಇವನು ಕಟ್ ಮಾಡಿದ. ಯಾರದೋ ಒಲೆಯ ಮೇಲೆ ಪಾತ್ರೆ ಸೀದಿತ್ತಂತೆ, ಅಷ್ಟೇ. ಇವನು ಬಂದಾಗ ಕೂಗಾಡಿದೆ — ನಾನು ಸುಟ್ಟು ಕರಕಲಾಗಿದ್ದರೆ? ಕೆನ್ನೆಗೆ ಬಿತ್ತು. ಆಮೇಲೆ ಅವನೇ ಅತ್ತ. “ನೋಡು, ನನ್ನ ಕೈಲಿ ಏನು ಮಾಡಿಸ್ದೆ.” ನಾನೇ ಸಮಾಧಾನ ಮಾಡಿ ಟೀ ಕೊಟ್ಟೆ. ಏಟು ನನಗೆ, ಟೀ ಅವನಿಗೆ. ಯಾವ ಸೀಮೆ ನ್ಯಾಯ!

ಏಪ್ರಿಲ್ 6, ಬೆಳಿಗ್ಗೆ

“ಇವತ್ತು ಸ್ನಾನ ಅನ್ಬೇಡ. ಬಾಗಿಲು ತೆಗಿ.”

“ಕೀ ಇಲ್ಲ ಅಕ್ಕಾ.” ಬಾಯಿ ತಪ್ಪಿ ಬಂತು.

ಅಕ್ಕ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ, “ನನ್ನವನೂ ಹೀಗೇ ಬೀಗ ಹಾಕ್ತಿದ್ದ ಕಣೇ. ಈ ಊರಲ್ಲಿ ನಮಗ್ಯಾರಿದಾರೆ ಅಂತ ವರ್ಷಗಟ್ಟಲೆ ಸುಮ್ನಿದ್ದೆ. ಬಿಲ್ಡಿಂಗ್ ಮ್ಯಾನೇಜರ್ ಹತ್ರ ಇನ್ನೊಂದು ಕೀ ಇರುತ್ತೆ. ಕರೀತೀನಿ, ನೀನು ಹೂಂ ಅಂದ್ರೆ.”

ತಲೆ ಕೆಟ್ಟಿತು. ಮದುವೆಯ ಆಲ್ಬಂ ಕೂಡ ಇನ್ನೂ ಬಂದಿಲ್ಲ! ಅಮ್ಮನಿಗೆ ಏನು ಹೇಳಲಿ? ಹನಿಮೂನ್ ಫೋಟೋಗೆ ಲೈಕ್ ಒತ್ತಿದ ಕಸಿನ್‌ಗಳಿಗೆ?

“ಎಲ್ಲಿಗೆ ಹೋಗ್ಲಿ ಅಕ್ಕಾ?”

“ಸದ್ಯಕ್ಕೆ ಎದುರುಮನೆಗೆ. ಆಮೇಲಿಂದು ಆಮೇಲೆ.”

ಹೂಂ ಅಂದೆ.

ಅಕ್ಕ ಕೆಳಗೆ ಓಡಿದಳು. ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ. ಲಿಫ್ಟ್ ಬಂತು. ಅಕ್ಕನ ಗಂಟಲು, ಇಡೀ ಮಹಡಿಗೆ ಕೇಳುವಂತೆ — “ಚಪ್ಪಲಿ ಮೆಟ್ಕೊಂಡು ನಿಲ್ಲೇ!” ಹೊರಗೆ ಕಾಲಿಟ್ಟು ಎಷ್ಟು ದಿನವಾಯಿತೋ, ಚಪ್ಪಲಿ ಎಲ್ಲಿದೆಯೆಂದೇ ಮರೆತುಹೋಗಿದೆ. ಮಂಚದಡಿ ಒಂದು ಸಿಕ್ಕಿತು. ಇನ್ನೊಂದು — ಅಯ್ಯೋ, ಬೀಗದಲ್ಲಿ ಕೀ ತಿರುಗುತ್ತಿದೆ!